ಮುದ್ರಾಂಕ ಶುಲ್ಕದ ಬದಲು ವರ್ಷ ವರ್ಷ ಭೂ ತೆರಿಗೆ: ನಾನು ಸಿಕ್ಕಿಕೊಂಡ ಲೆಕ್ಕ

ಮುದ್ರಾಂಕ ಶುಲ್ಕ ತೆಗೆದು, ಬದಲಿಗೆ ವರ್ಷ ವರ್ಷ ಭೂ ತೆರಿಗೆ ಹಾಕುವುದೇ ಮೇಲು ಅಂತ ಅರ್ಥಶಾಸ್ತ್ರದವರು ಹೇಳುತ್ತಾರೆ. ಮೂರು ದಿನದಿಂದ ಇದೊಂದೇ ವಿಷಯ ಓದುತ್ತಿದ್ದೆ. ನಿನ್ನೆ ರಾತ್ರಿ ತಲೆಗೆ ಹತ್ತಿತು. ಮರೆಯೋ ಮೊದಲು ಬರೆದಿಡುತ್ತೇನೆ. ನಮ್ಮ ತುಮಕೂರಿನ ಓದುವ ಗುಂಪಿನಲ್ಲಿ ಇನ್ನೂ ಇಬ್ಬರು ಇದೇ ಜಾಗದಲ್ಲಿ ನಿಂತಿದ್ದಾರೆ, ಅವರಿಗೂ ಆಗುತ್ತೆ.

ಹೆಸರುಗಳು ಬೇಗ ಮುಗಿಸೋಣ. ಮನೆಯೋ ಸೈಟೋ ಕ್ರಯಕ್ಕೆ ತಗೊಂಡಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಟ್ಟುವುದು ಮುದ್ರಾಂಕ ಶುಲ್ಕ. ಅದು ರಾಜ್ಯಕ್ಕೆ. ಕರ್ನಾಟಕದಲ್ಲಿ ಸಾಮಾನ್ಯ ದರ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಬೇರೆ. ಪಾಲಿಕೆಗೆ ಕಟ್ಟುವ ಮನೆ ಕಂದಾಯವೂ ಬೇರೆ, ಅದು ಕಟ್ಟಡವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇಲ್ಲಿ ಹೇಳುತ್ತಿರುವ ಭೂ ತೆರಿಗೆ ಕಟ್ಟಡ ಬಿಟ್ಟು ಬರೀ ನೆಲದ ಬೆಲೆಗೆ, ಪ್ರತಿ ವರ್ಷ. ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿ ನೋಡಿ: 49ರಲ್ಲಿ ಜಮೀನು ಮತ್ತು ಕಟ್ಟಡಗಳ ಮೇಲಿನ ತೆರಿಗೆ, 63ರಲ್ಲಿ ಮುದ್ರಾಂಕ ಶುಲ್ಕದ ದರ.

ಈಗ ನಾನು ಎಡವಿದ ಜಾಗ. 50 ಲಕ್ಷದ ಮನೆ. ಶೇ 5 ಅಂದರೆ ಎರಡೂವರೆ ಲಕ್ಷ, ಒಂದೇ ಸಲ. ಅದನ್ನು ತೆಗೆದು ವರ್ಷ ವರ್ಷ ತೆರಿಗೆ ಹಾಕಿದರೆ ಎಷ್ಟು ಹಾಕಬೇಕು? ನಾನು ಒಂದು ಮನೆಯನ್ನೇ ಹಿಡಿದುಕೊಂಡು ಕೂತಿದ್ದೆ. ವರ್ಷಕ್ಕೆ 12,500 ಅಂದರೆ 20 ವರ್ಷಕ್ಕೆ ಎರಡೂವರೆ ಲಕ್ಷ. ಅಷ್ಟಕ್ಕಷ್ಟೇ ಆಯ್ತಲ್ಲ, ಕಂತು ಮಾಡಿದ ಹಾಗೆ. ಮತ್ತೆ ಅರ್ಥಶಾಸ್ತ್ರದವರು ಇದನ್ನು ಇಷ್ಟು ಹೊಗಳುವುದು ಯಾಕೆ?

ಒಂದು ಮನೆ ಬಿಡಿ, ಇಡೀ ಬೀದಿ ನೋಡಿ. ನೋಟ್‌ಬುಕ್ಕಿನಲ್ಲಿ 20 ಚೌಕ ಬರೆಯಿರಿ. ಎಲ್ಲವೂ 50 ಲಕ್ಷದ ಮನೆ. ವರ್ಷಕ್ಕೆ ಒಂದು ಮನೆ ಮಾರಾಟ ಆಗುತ್ತೆ ಅಂತ ಇಟ್ಟುಕೊಳ್ಳಿ. ಆ ಒಂದು ಚೌಕಕ್ಕೆ ಮಸಿ ತುಂಬಿ. ಸರ್ಕಾರಕ್ಕೆ ಆ ಬೀದಿಯಿಂದ ವರ್ಷಕ್ಕೆ ಬರುವುದು ಎರಡೂವರೆ ಲಕ್ಷ, ಅಷ್ಟನ್ನೂ ಕೊಟ್ಟಿದ್ದು ಆ ಒಂದು ಚೌಕ. ಉಳಿದ 19 ಚೌಕ ಸೊನ್ನೆ. ಈಗ ಅದೇ ಎರಡೂವರೆ ಲಕ್ಷವನ್ನು 20 ಮನೆಗೂ ಹಂಚಿ. ಮನೆಗೆ 12,500. ಅಂದರೆ ಬೆಲೆಯ ಶೇ 0.25. ನೆಲದ ಬೆಲೆ ಒಟ್ಟು ಬೆಲೆಯಲ್ಲಿ ಅರ್ಧ ಇದ್ದರೆ, ನೆಲದ ಮೇಲೆ ಶೇ 0.5.

ನನ್ನ ಅಡ್ಡದಾರಿ ಇದು: ಶುಲ್ಕದ ಶೇಕಡಾವನ್ನು, ಒಂದು ಆಸ್ತಿ ಸರಾಸರಿ ಎಷ್ಟು ವರ್ಷಕ್ಕೊಮ್ಮೆ ಕೈ ಬದಲಾಗುತ್ತೋ ಅದರಿಂದ ಭಾಗಿಸಿ. ಆಮೇಲೆ ನೆಲದ ಪಾಲಿನಿಂದ ಭಾಗಿಸಿ. 5 ಭಾಗ 20, 0.25. ಅದನ್ನು ಅರ್ಧದಿಂದ ಭಾಗಿಸಿದರೆ 0.5. ಅರ್ಧದಿಂದ ಭಾಗಿಸಿದರೆ ದುಪ್ಪಟ್ಟಾಗುತ್ತೆ, ಜೋಪಾನ. ನಾನು ಭಾಗಿಸುವ ಬದಲು ಗುಣಿಸಿ, ಎರಡು ಸಲ 0.125 ಅಂತ ಬರೆದುಕೊಂಡಿದ್ದೆ. ಕಟ್ಟಡ ಬಿಟ್ಟು ಚಿಕ್ಕದರ ಮೇಲೆ ಅಷ್ಟೇ ದುಡ್ಡು ಎತ್ತಬೇಕು ಅಂದರೆ ದರ ಜಾಸ್ತಿಯೇ ಆಗಬೇಕು. ಹಾಗೆ ನೆನಪಿಟ್ಟುಕೊಂಡರೆ ತಪ್ಪಾಗಲ್ಲ.

ಬೀದಿ ಕಣ್ಣಿಗೆ ಬಿದ್ದ ಮೇಲೆ ಲಾಭ ಎಲ್ಲಿದೆ ಅಂತ ತಾನಾಗೇ ಕಾಣುತ್ತೆ. ಒಂದೇ ಮನೆಯಲ್ಲಿ 40 ವರ್ಷ ಇದ್ದವರು ಮತ್ತೆ ಒಂದು ರೂಪಾಯಿ ಮುದ್ರಾಂಕ ಶುಲ್ಕ ಕಟ್ಟಲ್ಲ. ಕೆಲಸಕ್ಕೋಸ್ಕರ ಮೂರು ಸಲ ಮನೆ ಬದಲಿಸಿದವರು ಏಳೂವರೆ ಲಕ್ಷ ಕಟ್ಟುತ್ತಾರೆ. ನಮ್ಮ ಚಿಕ್ಕಪ್ಪ ಮೇಷ್ಟ್ರು. ಮಧುಗಿರಿಗೆ ವರ್ಗ ಆದಾಗ ಇಲ್ಲಿನ ಮನೆ ಮಾರಿ ಅಲ್ಲೇ ತಗೊಳ್ಳೋಣ ಅಂತ ಹಾಳೆ ಮೇಲೆ ಲೆಕ್ಕ ಹಾಕಿದರು. ಶುಲ್ಕದ ಸಾಲು ಬರೆದವರೇ ಪೆನ್ನು ಕೆಳಗಿಟ್ಟರು. ಈಗಲೂ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಬಸ್ಸಿನಲ್ಲೇ ಓಡಾಡುತ್ತಾರೆ. ಈ ಶುಲ್ಕ ಬೀಳುವುದು ಆಸ್ತಿ ಇದ್ದದ್ದಕ್ಕಲ್ಲ, ಜಾಗ ಬದಲಿಸಿದ್ದಕ್ಕೆ. ನನಗೆ ಇದು ನ್ಯಾಯ ಅಂತ ಅನಿಸುವುದೇ ಇಲ್ಲ.

ನೆಲದ ಮೇಲೇ ಯಾಕೆ? ತೆರಿಗೆ ಹಾಕಿದರೆ ನೆಲ ಕಡಿಮೆ ಆಗಲ್ಲ, ಎಲ್ಲಿಗೂ ಹೋಗಲ್ಲ. ಮನೆ ಕಟ್ಟಿದರೂ ಅಷ್ಟೇ ತೆರಿಗೆ, ಪಾರ್ಥೇನಿಯಂ ಬೆಳೆಸಿಕೊಂಡು ಸುಮ್ನೆ ಬಿಟ್ಟರೂ ಅಷ್ಟೇ. ಹಾಗಾಗಿ ಖಾಲಿ ಸೈಟು ಹಿಡಿದಿಟ್ಟುಕೊಳ್ಳುವುದು ದುಬಾರಿ ಆಗುತ್ತೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಸುತ್ತ ನೆಲಕ್ಕೆ ಬೆಲೆ ಬಂದಿದ್ದು ರಸ್ತೆ, ಕರೆಂಟು, ಕಾರ್ಖಾನೆಯಿಂದ. ಆ ಏರಿಕೆಯಲ್ಲಿ ಸ್ವಲ್ಪ ಪಾಲು ಸರ್ಕಾರದ ಖಜಾನೆಗೆ ವಾಪಸ್ ಬರುತ್ತೆ. ಅಮೆರಿಕದ ಅರ್ಥಶಾಸ್ತ್ರ ಚಿಂತಕ ಹೆನ್ರಿ ಜಾರ್ಜ್ 1879ರಲ್ಲೇ ಹಿಡಿದ ಎಳೆ ಇದು.

ಇನ್ನು ಕಷ್ಟದ ಪ್ರಶ್ನೆ. ಇದನ್ನು ಕೇಳಿದ್ದು ನಮ್ಮಪ್ಪ. ಹೋದ ವರ್ಷ ಸೈಟು ರಿಜಿಸ್ಟರ್ ಆಯ್ತು. ಕ್ರಯಪತ್ರವನ್ನು ಬೀರುವಿನಿಂದ ತೆಗೆದು, ಶುಲ್ಕದ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಕಟ್ಟಿದೀನಿ, ಇನ್ನು ವರ್ಷಾ ವರ್ಷಾ ಮತ್ತೆ ಕಟ್ಟಬೇಕೇನೋ?" ಅಂದರು. ಸರಿಯಾದ ಮಾತು. ಒಂದೇ ಸಲ ಬದಲಿಸಿದರೆ ಈಗಷ್ಟೇ ತಗೊಂಡವರಿಗೆ ಎರಡು ಸಲ ಪೆಟ್ಟು.

ಆಸ್ಟ್ರೇಲಿಯಾದಲ್ಲಿ ಇದಕ್ಕೆ ಎರಡು ದಾರಿ ಹಿಡಿದರು. ಕ್ಯಾನ್‌ಬೆರಾ ಇರುವ ರಾಜಧಾನಿ ಪ್ರದೇಶ 2012ರಲ್ಲಿ ಶುರು ಮಾಡಿ 20 ವರ್ಷದ ಯೋಜನೆ ಹಾಕಿತು. ಶುಲ್ಕ ಮೆಲ್ಲಗೆ ಇಳಿಯುತ್ತೆ, ವಾರ್ಷಿಕ ತೆರಿಗೆ ಮೆಲ್ಲಗೆ ಏರುತ್ತೆ. ನ್ಯೂ ಸೌತ್ ವೇಲ್ಸ್ 2023ರ ಜನವರಿಯಲ್ಲಿ ಆಯ್ಕೆ ಕೊಟ್ಟಿತು. 15 ಲಕ್ಷ ಡಾಲರ್‌ವರೆಗಿನ ಮೊದಲ ಮನೆ ಕೊಳ್ಳುವವರು ಶುಲ್ಕ ಬಿಟ್ಟು, ವರ್ಷಕ್ಕೆ 400 ಡಾಲರ್ ಜೊತೆಗೆ ನೆಲದ ಬೆಲೆಯ ಶೇ 0.3 ಕಟ್ಟಬಹುದಿತ್ತು. ಸರ್ಕಾರ ಬದಲಾಯಿತು, ಆ ವರ್ಷದ ಮಧ್ಯದಲ್ಲೇ ಹೊಸಬರಿಗೆ ಬಾಗಿಲು ಮುಚ್ಚಿತು.

ಅಪ್ಪನಿಗೆ ಮೊದಲನೆಯದು ಹಿಡಿಸಲಿಲ್ಲ. 20 ವರ್ಷದಲ್ಲಿ ಎಷ್ಟು ಸರ್ಕಾರ ಬರುತ್ತೋ ಅಂದರು. ನನಗೆ ಮೂರನೆಯ ದಾರಿ ಸರಿ ಕಾಣುತ್ತೆ: ಹಿಂದೆ ಶುಲ್ಕ ಕಟ್ಟಿದವರಿಗೆ ಅಷ್ಟು ಮೊತ್ತ ತೀರುವವರೆಗೆ ವಾರ್ಷಿಕ ತೆರಿಗೆ ಬೇಡ. ಎರಡೂವರೆ ಲಕ್ಷ ಕಟ್ಟಿದ್ದರೆ, ವರ್ಷಕ್ಕೆ 12,500ರ ಲೆಕ್ಕದಲ್ಲಿ 20 ವರ್ಷ ವಿನಾಯಿತಿ. ಆದರೆ ಅಷ್ಟು ವರ್ಷ ಖಜಾನೆಗೆ ಬೀಳುವ ಖೋತಾ ಯಾರು ತುಂಬುತ್ತಾರೆ? ಅದೇ 20 ಚೌಕದ ಹಾಳೆ ಮೇಲೆ ವರ್ಷ ವರ್ಷ ಬರೆಯುತ್ತಾ ಹೋಗುತ್ತಿದ್ದೇನೆ. ಮೊದಲ ವರ್ಷ ಮಾರಾಟವಾದ ಒಂದು ಮನೆಯಿಂದ ಮಾತ್ರ 12,500 ಬರುತ್ತೆ, ಎರಡನೇ ವರ್ಷ ಎರಡು ಮನೆಯಿಂದ 25,000. ನಾಲ್ಕನೇ ಸಾಲಿಗೆ ಬಂದಿದ್ದೇನೆ, ಆ ವರ್ಷ ಬಂದಿದ್ದು ಇನ್ನೂ 50,000.