ದರ್ಜಿಬೊಂಬೆಯ ಆಕಾರದ ಸೀಸೆ

1937ರಲ್ಲಿ ಪ್ಯಾರಿಸ್‌ನ ವಸ್ತ್ರವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ ‘ಶಾಕಿಂಗ್’ ಎಂಬ ಸುಗಂಧವನ್ನು ಮಾರಾಟಕ್ಕಿಟ್ಟರು. ಅದರ ಸೀಸೆ ಹೆಣ್ಣಿನ ಮೈಯ ಆಕಾರದ್ದು. ತಲೆಯಿಲ್ಲ, ಕೈಕಾಲಿಲ್ಲ, ದರ್ಜಿಗಳು ಬಟ್ಟೆ ತೊಡಿಸಿ ನೋಡುವ ಬೊಂಬೆಯ ಹಾಗೆ ಎದೆ, ನಡು, ಸೊಂಟ ಅಷ್ಟೇ. ಕೊರಳ ಸುತ್ತ ಅಳತೆ ಟೇಪು, ತಲೆ ಇರಬೇಕಾದ ಕಡೆ ಪುಟ್ಟ ಹೂಗಳ ಗೊಂಚಲು, ಎಲ್ಲಕ್ಕೂ ಮೇಲೊಂದು ಗಾಜಿನ ಗುಮ್ಮಟ.

ಇದನ್ನು ರೂಪಿಸಿದವರು ಚಿತ್ರಕಲಾವಿದೆ ಲಿಯೊನೋರ್ ಫಿನಿ. ಮೈಕಟ್ಟು ಮಾತ್ರ ಹಾಲಿವುಡ್ ನಟಿ ಮೇ ವೆಸ್ಟ್ ಅವರದು. ಸಿನಿಮಾವೊಂದಕ್ಕೆ ಉಡುಪು ಹೊಲಿಸಬೇಕಿದ್ದ ವೆಸ್ಟ್ ಪ್ಯಾರಿಸ್‌ಗೆ ತಾವು ಬರುವ ಬದಲು ತಮ್ಮ ಅಳತೆಯ ಪ್ಲಾಸ್ಟರ್ ಬೊಂಬೆಯನ್ನು ಕಳಿಸಿಕೊಟ್ಟರಂತೆ. ಸ್ವತಃ ಸ್ಕಿಯಾಪರೆಲ್ಲಿ ಹೇಳಿಕೊಂಡ ಕತೆ ಇದು. ಕತೆ ಕಟ್ಟುವುದರಲ್ಲೂ ಅವರೇನು ಕಮ್ಮಿಯಲ್ಲ.

ಬಟ್ಟೆ ಹೊಲಿಯುವ ಸಂಸ್ಥೆಗೆ ಸುಗಂಧದ ಉಸಾಬರಿ ಯಾಕೆ? ದಾರಿ ತೋರಿದವರು ಪ್ಯಾರಿಸ್‌ನ ವಸ್ತ್ರವಿನ್ಯಾಸಕ ಪಾಲ್ ಪುವಾರೆ. 1911ರಲ್ಲೇ ಅವರು ಮಗಳು ರೊಸೀನ್ ಹೆಸರಿನಲ್ಲಿ ಸುಗಂಧ ಕಂಪನಿ ತೆರೆದು, ತಮ್ಮದೇ ಕಲಾಶಾಲೆಯ ಹುಡುಗಿಯರಿಂದ ಸೀಸೆಗಳಿಗೆ ಬಣ್ಣ ಹಾಕಿಸಿದರು. ಅವರು ಎಡವಿದ್ದು ಒಂದು ಕಡೆ: ಸೀಸೆಯ ಮೇಲೆ ಜನಕ್ಕೆ ಗೊತ್ತಿದ್ದ ತಮ್ಮ ಹೆಸರನ್ನೇ ಹಾಕಲಿಲ್ಲ. 1921ರಲ್ಲಿ ‘ನಂ. 5’ ಸುಗಂಧ ತಂದ ವಸ್ತ್ರವಿನ್ಯಾಸಕಿ ಕೊಕೊ ಶನೆಲ್ ಆ ತಪ್ಪು ಮಾಡಲಿಲ್ಲ. ದುಬಾರಿ ಉಡುಪು ಕೊಳ್ಳುವವರು ಬೆರಳೆಣಿಕೆಯಷ್ಟು; ಅದೇ ಹೆಸರಿನ ಸುಗಂಧ ಕೊಳ್ಳಬಲ್ಲವರು ಲೆಕ್ಕವಿಲ್ಲದಷ್ಟು ಮಂದಿ.

ಶನೆಲ್ ಸೀಸೆ ಸಪಾಟಾದ ಚೌಕ. ಅವರ ಪ್ರತಿಸ್ಪರ್ಧಿ ಸ್ಕಿಯಾಪರೆಲ್ಲಿಗೆ ಕನಸಿನಂಥ ವಿಚಿತ್ರ ರೂಪಗಳನ್ನು ಕಟ್ಟುವ ಸರ್ರಿಯಲಿಸ್ಟ್ ಕಲಾವಿದರೊಡನೆ ಒಡನಾಟ. ಸಾಲ್ವಡಾರ್ ಡಾಲಿ ಜೊತೆ ಸೇರಿ ಬಿಳಿ ಉಡುಪಿನ ಮೇಲೆ ಕೆಂಪು ಲಾಬ್‌ಸ್ಟರ್ ಮೂಡಿಸಿದ್ದೂ, ಬೂಟಿನ ಆಕಾರದ ಟೋಪಿ ಮಾಡಿದ್ದೂ ಅದೇ ಆಸುಪಾಸಿನಲ್ಲಿ. ಆ ಹುಚ್ಚಾಟ ಸೀಸೆಗೂ ಹಬ್ಬಿತು. 1939ರಲ್ಲಿ ಗಂಡಸರಿಗೆಂದು ಬಂದ ‘ಸ್ನಫ್’ ಸೀಸೆ ಧೂಮಪಾನದ ಪೈಪಿನಂತಿತ್ತು.

ಈ ಕತೆಯಲ್ಲಿ ಹಿಂದೆ ಉಳಿದವರೊಬ್ಬರಿದ್ದಾರೆ. ಜೇನು, ಗುಲಾಬಿ, ಪುನುಗಿನಂಥ ಪ್ರಾಣಿಜನ್ಯ ವಾಸನೆ ಬೆರೆಸಿ ‘ಶಾಕಿಂಗ್’ನ ಪರಿಮಳ ಹದಗೊಳಿಸಿದ ಜಾನ್ ಕಾರ್ಲ್. ಫಿನಿ ಮುಟ್ಟಿದ್ದು ಗಾಜನ್ನು. ಒಳಗಿನ ದ್ರವ ಕಾರ್ಲ್ ಅವರದು. ಕಲಾವಿದ–ಫ್ಯಾಷನ್ ಸಹಯೋಗ ಎಂದು ಇಂದು ಮೆರೆಸುವಾಗಲೂ ಕಲಾವಿದರ ಕೈ ಹೆಚ್ಚಾಗಿ ಸೀಸೆ, ಡಬ್ಬಿ, ಜಾಹೀರಾತಿನಾಚೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಅದರಲ್ಲಿ ಮೋಸವೇನಿಲ್ಲ, ಆದರೆ ಮೂರನೆಯ ಹೆಸರನ್ನೂ ಹೇಳಬೇಕು.

ಮಹಾಯುದ್ಧ ಮುಗಿದ ಮೇಲೆ ಡಾಲಿ ಸ್ಕಿಯಾಪರೆಲ್ಲಿಯ ‘ಲ ರುವಾ ಸೊಲೈ’ (ಸೂರ್ಯರಾಜ) ಸುಗಂಧಕ್ಕಾಗಿ ಫ್ರಾನ್ಸಿನ ಬಕರಾ ಕಂಪನಿಯ ಸ್ಫಟಿಕದ ಸೀಸೆ ವಿನ್ಯಾಸ ಮಾಡಿದರು. ಬಿರಡೆಯೇ ಸೂರ್ಯ, ಹಾರುವ ಹಕ್ಕಿಗಳೇ ಅವನ ಕಣ್ಣು, ಮೂಗು, ಬಾಯಿ. ಇಡಲು ಚಿಪ್ಪಿನಾಕಾರದ ಹೊಂಬಣ್ಣದ ಪೆಟ್ಟಿಗೆ. ಆದರೆ ಯುದ್ಧಾನಂತರದ ಫ್ಯಾಷನ್ ಹೊಸ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಕಡೆ ವಾಲಿತ್ತು. 1954ರಲ್ಲಿ ಸ್ಕಿಯಾಪರೆಲ್ಲಿಯ ಉಡುಪಿನ ಸಂಸ್ಥೆ ಬಾಗಿಲು ಹಾಕಿತು. ಸುಗಂಧದ ವ್ಯಾಪಾರ ಮಾತ್ರ ನಡೆದೇ ಇತ್ತು. 1993ರಲ್ಲಿ ಫ್ರೆಂಚ್ ವಸ್ತ್ರವಿನ್ಯಾಸಕ ಜಾನ್ ಪಾಲ್ ಗೋತಿಯೇ ತಮ್ಮ ಮೊದಲ ಸುಗಂಧವನ್ನು ಹೆಣ್ಣಿನ ಮೈಯಾಕಾರದ ಸೀಸೆಗೆ ತುಂಬಿದಾಗ, ಫಿನಿಯ ಸೀಸೆ ಕಂಡಿದ್ದವರಿಗೆ ಅದರ ಮೂಲ ಹೊಳೆಯದೆ ಇರಲಿಲ್ಲ. ಗಾಜಿನ ಗುಮ್ಮಟದ ಬದಲು ಅವರು ಬಳಸಿದ್ದು ತಗಡಿನ ಡಬ್ಬ.