ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ

ತಾಯಿ ಕಾರ್ಡಿನಲ್ಲಿ, ಶಾಲೆಯ ಆರೋಗ್ಯ ತಪಾಸಣೆಯಲ್ಲಿ, ರಕ್ತದಾನ ಶಿಬಿರದಲ್ಲಿ ಬರೆದುಕೊಳ್ಳುವುದು ಒಂದೇ ಅಂಕಿ: ಎಚ್‌ಬಿ, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಪ್ರಮಾಣ. 100 ಮಿಲಿಲೀಟರ್ ರಕ್ತಕ್ಕೆ ಗಂಡಸರಲ್ಲಿ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅಲ್ಲಿಗೇ ಐರನ್ ಮಾತ್ರೆಯ ಚೀಟಿ ಸಿದ್ಧ. ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದೂ ಬೆರಳ ತುದಿಯ ಹನಿಯಲ್ಲಿ ಎಚ್‌ಬಿ ಅಳೆದೇ. (ಬೆರಳನ್ನು ಜೋರಾಗಿ ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ತಪ್ಪಬಹುದು, ರಕ್ತನಾಳದಿಂದ ತೆಗೆದ ರಕ್ತವೇ ಹೆಚ್ಚು ನಂಬಿಕೆಗೆ ಅರ್ಹ.) ರಕ್ತ ಕಡಿಮೆಯಿದೆ ಎಂದು ಎಚ್‌ಬಿ ಹೇಳುತ್ತದೆ, ಯಾಕೆ ಎಂಬುದನ್ನು ಹೇಳುವುದಿಲ್ಲ.

ವಯಸ್ಕರ ಮೈಯಲ್ಲಿರುವ ಒಟ್ಟು ಕಬ್ಬಿಣ 3–4 ಗ್ರಾಂ. ಅದರ ಸುಮಾರು ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿದ್ದರೆ, ಉಳಿದದ್ದರಲ್ಲಿ ಹೆಚ್ಚಿನದು ಯಕೃತ್ತು, ಮೂಳೆಮಜ್ಜೆಗಳಲ್ಲಿ ಫೆರಿಟಿನ್ ಎಂಬ ಪ್ರೋಟೀನಿನೊಳಗೆ ದಾಸ್ತಾನಾಗಿರುತ್ತದೆ. ಅಕ್ಕಿ ಡಬ್ಬಿಯ ತಳ ಕಾಣುವವರೆಗೂ ತಟ್ಟೆಯ ಅನ್ನ ಕಡಿಮೆಯಾಗುವುದಿಲ್ಲವಲ್ಲ, ಹಾಗೆಯೇ ಈ ದಾಸ್ತಾನು ಮುಗಿಯುವವರೆಗೂ ಮಜ್ಜೆ ಹಿಮೋಗ್ಲೋಬಿನ್ ತಯಾರಿಸುತ್ತಲೇ ಇರುತ್ತದೆ. ಎಚ್‌ಬಿ 12.5 ಇರುವ ಹೆಣ್ಣುಮಗಳಿಗೂ ಸುಸ್ತು, ಕೂದಲುದುರುವಿಕೆ ಇರಬಹುದು, ದಾಸ್ತಾನು ಬರಿದಾಗಿರಬಹುದು.

ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಖಚಿತ. 30ರ ಕೆಳಗಿದ್ದರೇ ಅನುಮಾನಿಸುವ ವೈದ್ಯರು ಬಹಳ. ಆದರೆ ಇದಕ್ಕೊಂದು ದೌರ್ಬಲ್ಯವಿದೆ. ಸೋಂಕು, ಉರಿಯೂತ ಇದ್ದಾಗ ದೇಹ ಕಬ್ಬಿಣವನ್ನು ರೋಗಾಣುಗಳ ಕೈಗೆ ಸಿಗದಂತೆ ಬಚ್ಚಿಡುತ್ತದೆ, ಫೆರಿಟಿನ್ ಏರುತ್ತದೆ. ಹಾಗಾಗಿ ಜ್ವರದಲ್ಲಿದ್ದವರ ರಿಪೋರ್ಟಿನಲ್ಲಿ 50 ಎಂದಿದ್ದರೂ ಕೊರತೆ ಇಲ್ಲವೆನ್ನಲಾಗದು. ಇಂಥ ಸ್ಥಿತಿಯಲ್ಲಿರುವ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಗಡಿಯನ್ನು 70ಕ್ಕೆ ಏರಿಸಿತು. ಜೊತೆಗೆ ಉರಿಯೂತ ಇದೆಯೇ ಎಂದು ತಿಳಿಸುವ ಸಿಆರ್‌ಪಿ ರಕ್ತಪರೀಕ್ಷೆ ನೋಡುವುದು ಇದೇ ಕಾರಣಕ್ಕೆ. ಸೀರಮ್ ಐರನ್, ಅಂದರೆ ಆ ಹೊತ್ತಿಗೆ ರಕ್ತದಲ್ಲಿ ಹರಿದಾಡುವ ಕಬ್ಬಿಣ, ಅದೊಂದನ್ನೇ ನೋಡಿ ತೀರ್ಮಾನಿಸುವುದು ನನಗಂತೂ ಸರಿಕಾಣದು: ಹೊತ್ತಿಗೊಂದು ಅಂಕಿ, ಬೆಳಿಗ್ಗೆ ಮಾತ್ರೆ ನುಂಗಿದ್ದರೆ ಇನ್ನೊಂದು.

ರಕ್ತಕಣಗಳನ್ನು ಎಣಿಸಿ ಅಳೆಯುವ ಅಗ್ಗದ ಸಿಬಿಸಿ ಪರೀಕ್ಷೆಯಲ್ಲೂ ಸುಳಿವುಗಳಿವೆ, ಓದುವವರು ಕಡಿಮೆ. ಕೆಂಪುಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 80ರ ಕೆಳಗಿದ್ದರೆ ಕಣಗಳು ಚಿಕ್ಕವಾಗಿವೆ. ಕಬ್ಬಿಣದ ಕೊರತೆಯಲ್ಲೂ ಹೀಗಾಗುತ್ತದೆ, ಹಿಮೋಗ್ಲೋಬಿನ್ ತಯಾರಿಕೆ ಕುಂದಿಸುವ ಆನುವಂಶಿಕ ಕಾಯಿಲೆಯಾದ ಥಲಸ್ಸೀಮಿಯಾದ ವಾಹಕರಲ್ಲೂ. ಕೊರತೆಯಲ್ಲಿ ಕಣಗಳ ಸಂಖ್ಯೆಯೂ ಸಾಮಾನ್ಯವಾಗಿ ತಗ್ಗಿರುತ್ತದೆ. ವಾಹಕರಲ್ಲಿ ಹೆಚ್ಚೇ ಇರುತ್ತದೆ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಕಣಸಂಖ್ಯೆಯಿಂದ ಭಾಗಿಸಿ ನೋಡಿ. 65ನ್ನು 5.6ರಿಂದ ಭಾಗಿಸಿದರೆ 11.6, 13ಕ್ಕಿಂತ ಕಡಿಮೆಯಾದ್ದರಿಂದ ಥಲಸ್ಸೀಮಿಯಾ ಕಡೆಗೆ ಬೆರಳು. 72ನ್ನು 3.9ರಿಂದ ಭಾಗಿಸಿದರೆ 18.5, ಕಬ್ಬಿಣದ ಕಡೆಗೆ. ಇದು ಬರೀ ಸುಳಿವು. ಬೀಟಾ ಥಲಸ್ಸೀಮಿಯಾ ವಾಹಕರೇ ಎಂದು ತಿಳಿಯಲು ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಅಳೆಯುವ ಪರೀಕ್ಷೆ ಬೇಕು. ಗಂಡಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ತೀವ್ರ ಕಾಯಿಲೆಯ ಸಾಧ್ಯತೆ ಶೇ 25.

ಸಸ್ಯಾಹಾರಿಗಳಲ್ಲಿ ಇನ್ನೊಂದು ತೊಡಕು. ಕಬ್ಬಿಣ ಸಾಲದೆ ಚಿಕ್ಕದಾದ ಕಣ, ಬಿ12 ಸಾಲದೆ ದೊಡ್ಡದಾದ ಕಣ ಎರಡೂ ಸೇರಿದಾಗ ಸರಾಸರಿ 88 ಎಂದು ಬಂದು ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಗಾತ್ರಗಳ ವ್ಯತ್ಯಾಸ ತೋರುವ ಆರ್‌ಡಿಡಬ್ಲ್ಯೂ ಮಾತ್ರ ಏರಿರುತ್ತದೆ.

ಮುಟ್ಟಾಗುವ ಹೆಂಗಸರಲ್ಲಿ ಫೆರಿಟಿನ್ ಇಳಿದರೆ ಕಾರಣ ಹುಡುಕುವುದು ಅಷ್ಟು ಕಷ್ಟವಲ್ಲ. 55ರ ಗಂಡಸಿಗೆ ಇಳಿದಿದ್ದರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು: ಹೊಟ್ಟೆಹುಣ್ಣೋ, ಮೂಲವ್ಯಾಧಿಯೋ, ಕೊಕ್ಕೆಹುಳವೋ, ಕರುಳಿನ ಕ್ಯಾನ್ಸರೋ. ಸುಮ್ಮನೆ ಮಾತ್ರೆ ಕೊಟ್ಟರೆ ಎಚ್‌ಬಿ ಏರುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ.

ಮಾತ್ರೆ ಶುರುಮಾಡಿ ಎರಡು ತಿಂಗಳಲ್ಲಿ ಎಚ್‌ಬಿ ಸರಿಹೋಯಿತೆಂದು ಬಿಟ್ಟುಬಿಡುವವರೇ ಜಾಸ್ತಿ. ಆಗಿನ್ನೂ ದಾಸ್ತಾನು ತುಂಬಿರುವುದಿಲ್ಲ. ಅದಕ್ಕೇ ವೈದ್ಯರು ಮತ್ತೆ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಲು ಹೇಳುತ್ತಾರೆ.