ಗಾಳಿಚೀಲ ಮೊದಲೋ, ಶ್ವಾಸಕೋಶ ಮೊದಲೋ?

ಪ್ರಶ್ನೆ: ಮೀನಿನ ಗಾಳಿಚೀಲವೇ ಮುಂದೆ ಸಸ್ತನಿಗಳ ಶ್ವಾಸಕೋಶವಾಯಿತಂತೆ. ನಿಜವೇ?

ಇಲ್ಲ, ಆಗಿದ್ದು ಉಲ್ಟಾ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡೋಣ.

ರೋಹು ಕೊಯ್ದಾಗ ಬೆನ್ನುಮೂಳೆಯ ಕೆಳಗೆ ಸಿಗುವ, ನಡುವೆ ಕಿರಿದಾದ ಬಿಳಿ ಚೀಲವೇ ಗಾಳಿಚೀಲ. ಮೀನು ಈಜದೆಯೂ ಒಂದೇ ಆಳದಲ್ಲಿ ನಿಲ್ಲುವುದು ಅದರಿಂದ. ತೇಲಿಸುತ್ತಿದ್ದ ಈ ಅಂಗವೇ ಉಸಿರಾಟಕ್ಕೆ ತಿರುಗಿತು ಎಂದು 1859ರಲ್ಲಿ ಬರೆದವನು ಸಾಕ್ಷಾತ್ ಡಾರ್ವಿನ್. ಎರಡರ ಮೂಲ ಒಂದೇ ಎಂದದ್ದು ಸರಿ, ಹಿಂದುಮುಂದು ತಪ್ಪಿತು. ನಾವು ಅದನ್ನೇ ಹಿಡಿದು ಕೂತಿರುವುದಕ್ಕೆ ಕಾರಣ ಬೇರೆ: ಮೀನಿನಲ್ಲಿರುವುದೆಲ್ಲ ಹಳೆಯದು, ನಮ್ಮಲ್ಲಿರುವುದೆಲ್ಲ ಹೊಸದು ಎಂಬ ನಂಬಿಕೆ. ರೋಹು ನಮ್ಮ ಅಜ್ಜನಲ್ಲ ಸ್ವಾಮಿ, ದೂರದ ದಾಯಾದಿ.

ಸಾಕ್ಷಿ ಆಫ್ರಿಕಾದ ಬಿಚಿರ್ ಮೀನು. ರೋಹು, ಬಂಗುಡೆಗಳೆಲ್ಲ ಸೇರಿದ ಕಿರಣರೆಕ್ಕೆ ಮೀನುಗಳ ವಂಶದಲ್ಲಿ ಎಲ್ಲರಿಗಿಂತ ಮೊದಲು ಕವಲೊಡೆದ ಕುಟುಂಬ ಅದರದು. ಅದಕ್ಕಿರುವುದು ಗಾಳಿಚೀಲವಲ್ಲ, ಅನ್ನನಾಳದ ಕೆಳಬದಿಯಿಂದ ಹೊರಟ ಎರಡು ಶ್ವಾಸಕೋಶಗಳು. ರಕ್ತ ಒಯ್ಯುವುದೂ ನಮ್ಮಲ್ಲಿರುವಂತೆ ಆರನೆಯ ಕಿವಿರುಕಮಾನಿನಿಂದ (ಭ್ರೂಣದ ಕಿವಿರು ಭಾಗದಲ್ಲಿ ಸಾಲಾಗಿ ಮೂಡುವ ಕಮಾನುಗಳಲ್ಲೊಂದು) ಬಂದ ಧಮನಿಯೇ. 2021ರಲ್ಲಿ ಅದರ ಜೀನೋಮ್ ಓದಿದಾಗ, ನಮ್ಮ ಶ್ವಾಸಕೋಶ ಬೆಳೆಸುವಲ್ಲಿ ಪಾತ್ರವಿರುವ ಟಿಬಿಎಕ್ಸ್4 ಜೀನನ್ನು ನಿಯಂತ್ರಿಸುವ ಡಿಎನ್ಎ ತುಣುಕು ಅಲ್ಲೂ ಸಿಕ್ಕಿತು. ಇತ್ತ ನೆಲದ ಪ್ರಾಣಿಗಳೂ ಸೇರಿದ ನಮ್ಮ ಕವಲಿನ ಲಂಗ್‌ಫಿಶ್ ಮೀನಿಗೂ ಶ್ವಾಸಕೋಶವಿದೆ. ಎರಡೂ ಕವಲುಗಳಲ್ಲಿ ಇದೆಯೆಂದರೆ ಅವು ಬೇರೆಯಾಗುವ ಮುಂಚೆಯೇ, ಅಂದರೆ 42 ಕೋಟಿ ವರ್ಷಗಳಿಗೂ ಹಿಂದೆ, ಅದು ಇತ್ತು. ಆಮೇಲೆ ಕಿರಣರೆಕ್ಕೆಯವರಲ್ಲಿ ಅದು ಬೆನ್ನಿನ ಕಡೆ ಸರಿದು ಗಾಳಿಚೀಲವಾಯಿತು. ರೋಹುವಿನಲ್ಲಿ ಅನ್ನನಾಳಕ್ಕೆ ಸೇರುವ ಸಣ್ಣ ಕೊಳವೆ ಇಂದಿಗೂ ಉಳಿದಿದೆ. ತಿಲಾಪಿಯಾದಲ್ಲಿ ಅದೂ ಇಲ್ಲ, ರಕ್ತದಿಂದಲೇ ಅನಿಲ ತುಂಬಬೇಕು.

ಶಾರ್ಕ್‌ಗೆ ಇವೆರಡೂ ಇಲ್ಲ. ಎಣ್ಣೆ ತುಂಬಿದ ಈಲಿಯೇ ಅದನ್ನು ಹಗುರ ಮಾಡುತ್ತದೆ.

ಹಾಗಾದರೆ ಮಾರುಕಟ್ಟೆಯ ತೊಟ್ಟಿಯಲ್ಲಿ ಬಾಯಿ ಮೇಲೆತ್ತಿ ಗಾಳಿ ನುಂಗುವ ಮುರೆಲ್‌ಗೆ ಶ್ವಾಸಕೋಶವಿದೆಯೇ? ಅದೂ ಇಲ್ಲ. ಕಿವಿರುಗಳ ಮೇಲಿನ ಪೊಳ್ಳು ಕೋಣೆಯಲ್ಲಿ ಅದು ಗಾಳಿ ಹಿಡಿಯುತ್ತದೆ. ಚೇಳುಮೀನಿಗೆ ಕಿವಿರುಕೋಣೆಯಿಂದ ಬಾಲದ ಕಡೆಗೆ ಚಾಚಿದ ಉದ್ದನೆಯ ಚೀಲಗಳಿವೆ. ಇವೆಲ್ಲ ಬೇರೆಬೇರೆಯಾಗಿ, ತೀರ ಈಚೆಗೆ ಹುಟ್ಟಿದ ಏರ್ಪಾಡುಗಳು. ಆದರೆ ಮುರೆಲ್‌ಗೆ ಕಿವಿರು ಮಾತ್ರ ಸಾಲದು. ಮೇಲೆ ಬರಲಾಗದಂತೆ ಬಲೆಯಲ್ಲಿ ಮುಳುಗಿಸಿಟ್ಟರೆ ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ. ಸಾಗಿಸುವಾಗ ಡ್ರಮ್ಮನ್ನು ಅಂಚಿನವರೆಗೆ ತುಂಬಿ ಮುಚ್ಚಳ ಬಿಗಿಯಬಾರದು. ಮೇಲೆ ಗಾಳಿಗೆ ಜಾಗ ಬಿಡಬೇಕು.